ವಾಪಸ್ ಪಡೆದ ಸಾಕ್ಷಿ

ಸಿಕಂದರಾಬಾದಿನ ಆ ಕನ್ನಡ ಕ್ರೈಸ್ತ ಸಭೆಯಲ್ಲಿ ಸುಗಲಮ್ಮನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ ದೇವರು, ಇನ್ನೊಬ್ಬಳು ಕೃಷ್ಣಾಬಾಯಿ. ದೇವರ ವಿಷಯದಲ್ಲೂ ಕೆಲವರಿಗೆ ಅನುಮಾನವಿತ್ತೆನ್ನಿ.

ಸುಗಲಮ್ಮ ಭಾಲ್ಕಿ ಕಡೆಯ ಹಳ್ಳಿಯಿಂದ ಗಂಡನ ಜೊತೆ ಇಟ್ಟಂಗಿ ಹೊರಲು ಬಂದ ಹೆಣ್ಣುಮಗಳು. ಗಂಡ ತೀರಿಹೋದ ಮೇಲೆ ಶಾಲೆಯೊಂದರಲ್ಲಿ ಆಯಾ ಆಗಿ ಸೇರಿ, ಒಬ್ಬಳೇ ಮಗಳು ರೇಣುಕಾಳನ್ನು ಸಾಕಿ ಮದುವೆ ಮಾಡಿದ್ದಳು. ಅಳಿಯ ಸೂರಜ್ ಮಸ್ಕತ್ತಿನಲ್ಲಿ ವೈರಿಂಗ್ ಕೆಲಸಕ್ಕಿದ್ದ. ಇಷ್ಟೆಲ್ಲದರ ನಡುವೆ ಆಕೆ ಹನ್ನೊಂದು ವರ್ಷದಿಂದ ಸಭೆಯ ಹೆಂಗಸರ ಸರಪಳಿ ಪ್ರಾರ್ಥನೆ ನಡೆಸಿಕೊಂಡು ಬಂದಿದ್ದಳು. ಯಾರ ಮನೆಗಾದರೂ ಕಷ್ಟ ಬಂತೆಂದರೆ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಹನ್ನೆರಡು ಹೆಂಗಸರು, ಒಬ್ಬೊಬ್ಬರಿಗೆ ಒಂದೊಂದು ತಾಸು. ಇದ್ದಲ್ಲೇ ಪ್ರಾರ್ಥನೆ. ಪಾತ್ರೆ ತಿಕ್ಕುತ್ತಲಾದರೂ ಸರಿ, ಸುಲ್ತಾನ್ ಬಜಾರಿನ ಅಂಗಡಿಯಲ್ಲಿ ಸೀರೆ ಮಡಚುತ್ತಲಾದರೂ ಸರಿ. ತನ್ನ ತಾಸು ಮುಗಿದೊಡನೆ ಮುಂದಿನವಳಿಗೆ ಒಂದು ಮಿಸ್ ಕಾಲ್ ಕೊಡಬೇಕು. ಅದು ಬಾರದೆ ಯಾರೂ ಶುರು ಮಾಡುವಂತಿಲ್ಲ, ಕೊಡದೆ ಯಾರೂ ಏಳುವಂತಿಲ್ಲ. ಸುಗಲಮ್ಮನದು ಮೂರರಿಂದ ನಾಲ್ಕು, ಆಕೆಯ ನಂತರ ಕೃಷ್ಣಾಬಾಯಿ.

ಇನ್ನೊಂದು ಕಟ್ಟಳೆಯಿತ್ತು, ಅದು ಸುಗಲಮ್ಮನದೇ. ಪ್ರಾರ್ಥನೆ ಸ್ತೋತ್ರದಿಂದಲೇ, ಅಂದರೆ ದೇವರ ಉಪಕಾರ ನೆನೆದು ಕೊಂಡಾಡುವುದರಿಂದಲೇ, ಶುರುವಾಗಬೇಕು. "ಮೊದಲ ಸ್ತೋತ್ರ ಹೇಳ್ರಿ, ಆಮ್ಯಾಲ ಬೇಡ್ರಿ. ಗೊಣಗವರ ಮಾತು ಮ್ಯಾಲ ಹೋಗಂಗಿಲ್ಲ," ಎನ್ನುತ್ತಿದ್ದಳು. ಅಳುವವರನ್ನು ಕಂಡರಂತೂ ಆಕೆಗೆ ಮೈಯೆಲ್ಲ ಉರಿ. ಅಳು ಬಂತೆಂದರೆ ವಿಶ್ವಾಸ ಹೋಯಿತೆಂದೇ ಲೆಕ್ಕ. ಗಂಡನ ಮಣ್ಣಿನ ದಿನವೂ ಕಣ್ಣೀರು ಹಾಕದೆ ಸ್ತೋತ್ರ ಹೇಳಿದವಳು ತಾನು ಎಂದು ನೂರು ಸಲ ಹೇಳಿಕೊಂಡಿದ್ದಳು.

ಅಂಥ ಸುಗಲಮ್ಮ ಈಗ ಕೋಠಿಯ ಕಡೆಯ ಹೆರಿಗೆ ದವಾಖಾನೆಯೊಂದರ ವರಾಂಡದಲ್ಲಿ ಚಾಪೆ ಹಾಸಿ ಮೂರು ದಿನವಾಗಿತ್ತು. ರೇಣುಕಾಳಿಗೆ ಏಳು ತಿಂಗಳಿಗೇ ಹೆರಿಗೆಯಾಗಿ ಹೆಣ್ಣು ಕೂಸು ಹುಟ್ಟಿತ್ತು. ತೂಕ ಒಂದು ಕಿಲೋ ನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿ ಮೂಗಿಗೊಂದು ನಳಿಕೆ, ಕಾಲಿಗೊಂದು ವೈರು ಸಿಕ್ಕಿಸಿಕೊಂಡು ಮಲಗಿತ್ತು.

ಶುಕ್ರವಾರ ಬೆಳಿಗ್ಗೆ ಕೂಸುಗಳ ವಾರ್ಡಿನ ಸಿಸ್ಟರು ಬಾಗಿಲಿಗೆ ಬಂದು, "ರೇಣುಕಾ ಬೇಬಿ! ತಲ್ಲಿ ಏದಿ?" ಎಂದು ತೆಲುಗಿನಲ್ಲಿ ಕೂಗಿದಳು. ತಾಯಿ ಎಲ್ಲಿ? ಕೂಸು ತಾನಾಗಿ ಉಸಿರಾಡುತ್ತಿದೆ, ಆದರೆ ನಡುನಡುವೆ ಉಸಿರಾಡುವುದನ್ನೇ ಮರೆತುಬಿಡುತ್ತದೆ. ಔಷಧಿ ನಡೆದೇ ಇದೆ. ಇನ್ನು ತಾಯಿ ಬಂದು ರವಿಕೆ ಬಿಚ್ಚಿ, ಕೂಸನ್ನು ಬರಿಯೆದೆಗೆ ಹಚ್ಚಿಕೊಂಡು ದಿನಕ್ಕೆ ಆರೆಂಟು ತಾಸು ಕೂರಬೇಕು. ಅವಳ ಮೈಯ ಕಾವು, ಎದೆಯ ಬಡಿತ, ಹಾಲು, ಇವೇ ಈಗ ಅದಕ್ಕೆ ಬೇಕಾದದ್ದು.

"ನಾ ಕೂಡ್ತೀನ್ರಿ ಸಿಸ್ಟರ್," ಎಂದು ಸುಗಲಮ್ಮ ಮುಂದೆ ಬಂದಳು. ಬಂದವಳೇ ಖೊಳ್ಳೆಂದು ಕೆಮ್ಮಿದಳು. ವಾರದಿಂದ ಹತ್ತಿದ ಕೆಮ್ಮು. ಸಿಸ್ಟರು ಎರಡು ಹೆಜ್ಜೆ ಹಿಂದೆ ಸರಿದು, ಈ ಕೆಮ್ಮು ಹೊತ್ತುಕೊಂಡು ಒಳಗೆ ಕಾಲಿಟ್ಟರೆ ನೋಡು ಎಂದು ಗದರಿಸಿ ಬಾಗಿಲು ಹಾಕಿಕೊಂಡಳು.

ರೇಣುಕಾ ತನ್ನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೆತ್ತಾಗಿನಿಂದ ಹಾಗೇ ಮಲಗಿದ್ದಳು. ಕೂಸಿನ ಮುಖವನ್ನು ಒಂದು ಸಲವೂ ನೋಡಿರಲಿಲ್ಲ.

"ಏಳ ಬೇ ರೇಣುಕಾ. ಕೂಸಿಗೆ ನೀ ಬೇಕಂತ."

"ನಾ ಬರಂಗಿಲ್ಲ."

"ಬರಂಗಿಲ್ಲ ಅಂದ್ರ?"

"ಮುಖ ನೋಡಿದ್ರ ಆಸೆ ಹುಟ್ತೈತಿ ಅವ್ವಾ. ನಾ ನೋಡಂಗಿಲ್ಲ."

ಎರಡು ವರ್ಷದ ಹಿಂದಿನದು ಇಬ್ಬರಿಗೂ ಗೊತ್ತಿತ್ತು. ರೇಣುಕಾಳ ಮೊದಲ ಕೂಸು ಗಂಡು. ಅದೂ ಹೀಗೇ ದಿನ ತುಂಬುವ ಮೊದಲೇ ಹುಟ್ಟಿತ್ತು. ಐದನೆಯ ದಿನಕ್ಕೆ ಆಕ್ಸಿಜನ್ ತೆಗೆದರು. ಅಂದು ಭಾನುವಾರ. ಸುಗಲಮ್ಮನ ಸಂಭ್ರಮ ಕೇಳಬೇಕೇ! ಬಾಣಂತಿಯನ್ನು ಆಟೋದಲ್ಲಿ ಕೂರಿಸಿಕೊಂಡು ಚರ್ಚಿಗೆ ಕರೆದೊಯ್ದು ಸಾಕ್ಷಿಯ ಹೊತ್ತಿನಲ್ಲಿ ನಿಲ್ಲಿಸಿಬಿಟ್ಟಳು. ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ಎದ್ದು ಹೇಳುವುದೇ ಸಾಕ್ಷಿ. ಕೈಗೆ ಬಾರದ ಉಪಕಾರವನ್ನೂ ಬಂದಿದೆಯೆಂದೇ ನಂಬಿ ಮುಂಚಿತವಾಗಿ ಹೇಳಿಬಿಡುವವರುಂಟು. ಅದು ದೊಡ್ಡ ವಿಶ್ವಾಸವೆಂದು ಹೆಸರು. "ನನ್ನ ಮಗನ್ನ ದೇವರು ಬದುಕಿಸ್ಯಾನ, ಸ್ತೋತ್ರ," ಎಂದು ಅವ್ವ ಹೇಳಿಕೊಟ್ಟಂತೆ ರೇಣುಕಾ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬುಧವಾರ ಕೂಸು ಹೋಯಿತು.

ಆಮೇಲೆ ರೇಣುಕಾ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಮನೆಯಲ್ಲಿ ಅಳಲು ಹೋದರೆ ಅವ್ವ ಬಿಡಲಿಲ್ಲ. ಅಳುವುದನ್ನು ಬಿಟ್ಟವಳು ಮಾತನ್ನೂ ಅರ್ಧ ಬಿಟ್ಟಳು.

ಶನಿವಾರ ಬೆಳಿಗ್ಗೆ ಡಾಕ್ಟರಮ್ಮ ಸುಗಲಮ್ಮನನ್ನು ಕರೆದು, ನಿನ್ನೆಯಿಂದ ನಾಲ್ಕು ಸಲ ಉಸಿರು ನಿಂತಿತ್ತು, ನಾವು ಮಾಡುವುದನ್ನು ಮಾಡುತ್ತಿದ್ದೇವೆ, ತಾಯಿ ಬರದಿದ್ದರೆ ನಾನೇನೂ ಹೇಳಲಾರೆ ಎಂದರು. ಸುಗಲಮ್ಮ ಮಗಳ ಮಂಚದ ಬಳಿ ಓಡಿದಳು. ಮೊದಲು ಬೈದಳು. ಆಮೇಲೆ ಗದ್ದ ಹಿಡಿದು ಬೇಡಿದಳು. ಕೊನೆಗೆ ಹೆತ್ತ ಮಗಳ ಕಾಲನ್ನೇ ಹಿಡಿದುಕೊಂಡಳು.

"ಕೂಸು ಹೋಗ್ತೈತಿ ಬೇ! ನಿನ್ನ ಹೊಟ್ಟ್ಯಾಗಿನ ಕೂಸು! ಕಲ್ಲೇನ ನೀ?"

ರೇಣುಕಾ ಮೊದಲ ಸಲ ಇತ್ತ ತಿರುಗಿದಳು. ಕಣ್ಣು ಒಣಗಿದ್ದವು.

"ಹೋದ್ರ ಈ ಸಲಾನೂ ನಂದೇ ತಪ್ಪು ಅಂತೀಯಲ್ಲ?"

"ಏನಂದಿ?"

"ಹೋದ ಸಲ ಅಂದಿಯಲ್ಲ. ಅಯ್ನೋರು ಮನಿಗೆ ಬಂದಾಗ. 'ನಮ್ಮ ರೇಣುಕಾಗ ವಿಶ್ವಾಸ ಸಾಲಲಿಲ್ರಿ, ಅದಕ್ಕ ಕೂಸು ನಿಲ್ಲಲಿಲ್ಲ' ಅಂದಿ. ನಾ ಬಾಗಲ ಹಿಂದ ಇದ್ದೆ."

ಸುಗಲಮ್ಮ ಮಗಳ ಕಾಲು ಬಿಟ್ಟಳು. ಅಂದಿದ್ದಳು, ಸುಳ್ಳಲ್ಲ. ಅವತ್ತು ಸಭಾಪಾಲಕ ಅಯ್ಯನವರ ಮುಂದೆ ಕೂತಾಗ ಆಕೆಯ ಎದೆಯೊಳಗೆ ಒಂದೇ ಪ್ರಶ್ನೆ ಇತ್ತು. ಚಪ್ಪಾಳೆ ತಟ್ಟಿದ ಸಭೆಗೆ ಈಗ ಏನು ಹೇಳುವುದು? ದೇವರು ಮಾತಿಗೆ ತಪ್ಪಿದನೆನ್ನಲು ಬಾಯಿ ಬರಲಿಲ್ಲ, ತಾನು ಅವಸರ ಮಾಡಿದೆನೆನ್ನಲು ಮನಸ್ಸು ಬರಲಿಲ್ಲ. ದೇವರ ಮರ್ಯಾದೆಯೂ ಉಳಿಯಲಿ ತನ್ನದೂ ಉಳಿಯಲಿ ಎಂದು ತಪ್ಪನ್ನು ಎತ್ತಿ ಮಗಳ ತಲೆಗೆ ಕಟ್ಟಿದ್ದಳು.

"ಎಲ್ಲಾರ ಮುಂದ ನಿಲ್ಲಿಸಿ ಸ್ತೋತ್ರ ಹೇಳ್ಸಿದಿ," ರೇಣುಕಾ ಅಂದಳು. "ಕೂಸು ಹೋತು. ಆ ಸ್ತೋತ್ರ ವಾಪಸ್ ತಗೊಳ್ಳಾಕ ಒಬ್ಬರರ ಹೋದ್ರೇನು? ಇನ್ನೂ ಅಲ್ಲೇ ಐತಿ ಅದು, ಆ ಚರ್ಚಿನಾಗ. ಹೋಗು ಅವ್ವಾ, ನನ್ನ ಮುಟ್ಟಬ್ಯಾಡ."

ಮತ್ತೆ ಗೋಡೆಗೆ ತಿರುಗಿಕೊಂಡಳು.

ಮೂರು ಗಂಟೆಗೆ ಸುಗಲಮ್ಮನ ಫೋನು ಒಂದು ಸಲ ಬಡಿದು ನಿಂತಿತು. ಅವಳ ತಾಸು. ಸರಪಳಿ ಈ ಸಲ ಅವಳದೇ ಮೊಮ್ಮಗಳಿಗಾಗಿ ನಡೆದಿತ್ತು. ದವಾಖಾನೆಯ ಹಿಂದಿನ ಮೆಟ್ಟಿಲ ಮೇಲೆ ಹೋಗಿ ಕೂತು, ತಲೆಯ ಮೇಲೆ ಸೆರಗು ಹೊದ್ದು, "ಸ್ತೋ..." ಎಂದಳು. ಮುಂದೆ ಬರಲಿಲ್ಲ. ಇನ್ನೊಮ್ಮೆ ಎಂದಳು. ಮೂರನೆಯ ಸಲ ಬಾಯಿ ತೆರೆದಾಗ ಬೇರೆಯೇ ಮಾತು ಬಂತು.

"ನಿನಗ ಕಣ್ಣಿಲ್ಲೇನು? ಕಿವಿ ಇಲ್ಲೇನು? ಹನ್ನೊಂದು ವರ್ಷ ಆತು, ಊರ ಮಂದಿಗೆಲ್ಲಾ ನಿನ್ನ ಬಾಗಲಾ ಬಡದೆ. ನನ್ನ ಮಗಳ ಪಾಳಿ ಬಂದಾಗ ಎಲ್ಲಿಗೆ ಹೋಗಿದ್ದಿ? ಆ ಗಂಡು ಕೂಸು ನಿನಗೇನ ಮಾಡಿತ್ತು? ಎಂಟು ದಿನದ ಕೂಸು!"

ಹೇಳುತ್ತ ಹೇಳುತ್ತ ಹೆಣ್ಣುಮಗಳು ಅತ್ತಳು. ಮೂಗು ಸುರಿಸಿಕೊಂಡು, ಮೊಳಕಾಲು ಬಡಿದುಕೊಂಡು, ಗಂಡ ಸತ್ತಾಗ ಅಳದೆ ಉಳಿಸಿಕೊಂಡದ್ದನ್ನೂ ಸೇರಿಸಿ ಅತ್ತಳು. ನೆಲ ಒರೆಸುವವನು ಬಂದು, ಜರುಗಮ್ಮಾ ಎಂದ. ಜರುಗಿ ಕೂತು ಮತ್ತೆ ಅತ್ತಳು. ಸಿಡಿಲೇನೂ ಬಡಿಯಲಿಲ್ಲ. ದೇವರು ಎದ್ದು ಹೋಗಲೂ ಇಲ್ಲ ಎಂದು ಆಕೆಗೆ ಯಾಕೋ ಅನ್ನಿಸಿತು. ಇಷ್ಟು ವರ್ಷ ಸ್ತೋತ್ರ ಹೇಳುವಾಗ ಎಷ್ಟೋ ಸಲ ಗೋಡೆಯೊಂದಿಗೆ ಮಾತಾಡಿದಂತೆ ಅನ್ನಿಸಿದ್ದುಂಟು, ಯಾರಿಗೂ ಹೇಳಿರಲಿಲ್ಲ. ಇವತ್ತು ಬೈಯುವಾಗ ಎದುರಿಗೆ ಯಾರೋ ಕೂತು ಕೇಳಿದ ಹಾಗಿತ್ತು. ಎದೆಯೂ ತುಸು ಹಗುರಾಗಿತ್ತು. ಹಗುರಾದ ಮರುಕ್ಷಣವೇ ಆಕೆಗೆ ಹೊಳೆಯಿತು: ಈ ಅಳುವನ್ನೇ ತಾನು ಮಗಳಿಗೆ ಎರಡು ವರ್ಷ ಅಳಗೊಡಲಿಲ್ಲ. ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ, ಎಂದು ಕೆನ್ನೆಗೆ ತಾನೇ ಹೊಡೆದುಕೊಂಡಳು.

ಮರುದಿನ ಭಾನುವಾರ. ರಾತ್ರಿ ಕೂಸು ಮತ್ತೆ ಎರಡು ಸಲ ಉಸಿರು ಮರೆತಿತ್ತೆಂದು ಬೆಳಿಗ್ಗೆ ಸಿಸ್ಟರು ಹೇಳಿದಳು. ರೇಣುಕಾ ಹನಿ ನೀರೂ ಮುಟ್ಟಿರಲಿಲ್ಲ. ಸುಗಲಮ್ಮ ಕೃಷ್ಣಾಬಾಯಿಯನ್ನು ಕರೆಸಿ ಮಗಳ ಬಳಿ ಕೂರಿಸಿದಳು.

"ಯಕ್ಕಾ, ನಾ ಚರ್ಚಿಗೆ ಹೋಗಿ ಬರ್ತೀನಿ."

"ಹುಚ್ಚಿ ಏನ ನೀ? ಇಲ್ಲಿ ಕೂಸು ಹೋಗಾಕತ್ತೈತಿ, ನಿನಗ ಚರ್ಚು!"

"ಕೆಲಸ ಐತಿ. ನನ್ನ ಫೋನ್ ಬರ್ತೈತಿ. ಎತ್ತಿ ಸ್ಪೀಕರ್ ಹಾಕಿ ರೇಣುಕಾನ ಕಿವಿ ಹತ್ರ ಇಡು. ಮಿಸ್ ಕಾಲ್ ಅನ್ಕೊಂಡು ಸುಮ್ಮನ ಬಿಟ್ಟಿ, ನೋಡು ಮತ್ತ!"

ಚರ್ಚು ಒಂದೇ, ಸಭೆ ಎರಡು. ತೆಲುಗಿನವರ ಆರಾಧನೆ ಹನ್ನೆರಡೂವರೆಗೆ ಮುಗಿದು, ಅವರ ಚಪ್ಪಲಿಗಳು ಬಾಗಿಲ ಬಳಿಯಿಂದ ಖಾಲಿಯಾದ ಮೇಲೆ ಒಂದು ಗಂಟೆಗೆ ಕನ್ನಡದವರದು. ಸೆಂಟ್ರಿಂಗ್ ಕೆಲಸದವರು, ಗೌಂಡಿಗಳು, ಮನೆಗೆಲಸದ ಹೆಂಗಸರು, ಎಲ್ಲ ಸೇರಿ ನೂರು ಜನ. ಸಾಕ್ಷಿಯ ಹೊತ್ತು ಬಂದಾಗ ಸಭಾಪಾಲಕ ಗೋಪಿನಾಥ ಅಯ್ಯನವರು ಎಂದಿನಂತೆ ಸುಗಲಮ್ಮನ ಕಡೆಯೇ ನೋಡಿದರು. ಯಾವಾಗಲೂ ಮೊದಲ ಸಾಕ್ಷಿ ಅವಳದೇ. ಅವಳು ಎದ್ದು ಮುಂದೆ ಬಂದಳು. ಫೋನು ಹಚ್ಚಿ, ಅತ್ತ ಎತ್ತಿದರೆಂದು ಖಾತ್ರಿ ಮಾಡಿಕೊಂಡು, ಅದನ್ನು ಕೈಯಲ್ಲಿ ಎದೆಯ ಮುಂದೆ ಹಿಡಿದಳು.

"ಎಲ್ಲಾರಿಗೂ ವಂದನೆ," ಎಂದಳು. "ಇವತ್ತ ನಾ ಸಾಕ್ಷಿ ಹೇಳಾಕ ಬಂದಿಲ್ಲ. ಒಂದು ಸಾಕ್ಷಿ ವಾಪಸ್ ತಗೊಳ್ಳಾಕ ಬಂದೀನಿ."

ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು.

"ಎರಡು ವರ್ಷದ ಹಿಂದ ನನ್ನ ಮಗಳನ್ನ ಇಲ್ಲೇ ನಿಲ್ಲಿಸಿ, ಕೂಸು ಬದುಕೈತಿ ಸ್ತೋತ್ರ ಅಂತ ಹೇಳ್ಸಿದೆ. ಕೂಸು ಬದುಕಲಿಲ್ಲ. ಆ ಸಾಕ್ಷಿ ಸುಳ್ಳು. ಸುಳ್ಳು ಹೇಳಿದಾಕಿ ಆಕಿ ಅಲ್ಲ, ನಾನು. ದೇವರಿಗಿಂತ ಮೊದಲ ನಾ ಓಡಿದೆ. ಆಮ್ಯಾಲ ಮಗಳಿಗೆ ವಿಶ್ವಾಸ ಸಾಲಲಿಲ್ಲ ಅಂದೆ. ಅದೂ ಸುಳ್ಳು. ಕೂಸಿನ ಪುಪ್ಪಸಕ್ಕ ಶಕ್ತಿ ಸಾಲಲಿಲ್ಲ, ಅಷ್ಟ. ನನ್ನ ಮಗಳ ತಪ್ಪಿಲ್ಲ. ರೇಣುಕಾ, ಕೇಳಾಕತ್ತಿಯೇನ? ನಿನ್ನ ತಪ್ಪಿಲ್ಲ ನನ್ನವ್ವಾ. ನಿನ್ನ ಅಳಾಕ ಬಿಡಲಿಲ್ಲ ನಾನು. ಅಳು. ದೇವರಿಗೆ ಬೈಬೇಕಂದ್ರ ಬೈ. ನಿನ್ನೆ ನಾನೂ ಬೈದೆ. ತಡಕೊಂಡ ಆತ."

ಹಿಂದಿನ ಸಾಲಿನಲ್ಲಿ ಯಾರೋ, ಇದೇನು ಮಾತು, ಚರ್ಚಿನೊಳಗೆ ಆಡುವ ಮಾತೇ ಎಂದು ಗುಸುಗುಟ್ಟಿದರು. ಒಬ್ಬ ಹಿರಿಯರು ಎದ್ದು ಕೈ ಮಾಡಿ ಕೂರು ಕೂರು ಅಂದರು. ಸುಗಲಮ್ಮ ಕೂರಲಿಲ್ಲ. ಆಗ ಗೋಪಿನಾಥ ಅಯ್ಯನವರು ಇಳಿದು ಬಂದು ಅವಳ ಪಕ್ಕದಲ್ಲಿ ನಿಂತರು. ಗದರಿಸಲು ಬಂದರೆಂದೇ ಎಲ್ಲರೂ ತಿಳಿದರು. ಅವರು ಫೋನಿನ ಕಡೆ ಬಾಗಿ, "ರೇಣುಕಾ, ನಾನಮ್ಮ, ಅಯ್ನೋರು. ಅವತ್ತು ನಿಮ್ಮವ್ವ ಆ ಮಾತು ಅಂದಾಗ ನಾ ಹೂಂ ಅಂದಿದ್ದೆ. ಅನ್ನಬಾರದಿತ್ತು. ನಂದೂ ತಪ್ಪಾತು," ಎಂದರು.

ಹೆಂಗಸರ ಕಡೆಯಿಂದ ಯಾರೋ ದೊಡ್ಡ ದನಿಯಲ್ಲಿ ಅಳಲು ಶುರುಮಾಡಿದರು. ಸುಮ್ಮನಿರು ಎಂದು ಯಾರೂ ಅನ್ನಲಿಲ್ಲ. ಸುಗಲಮ್ಮ ಫೋನು ನೋಡಿದಳು. ಲೈನು ಇನ್ನೂ ಇತ್ತು, ಆದರೆ ಅತ್ತಲಿಂದ ಒಂದು ಸೊಲ್ಲೂ ಇಲ್ಲ. "ರೇಣುಕಾ? ಯಕ್ಕಾ?" ಎಂದಳು. ಉತ್ತರವಿಲ್ಲ. ಕೂಸು ಹೋಯಿತು ಎಂದುಕೊಂಡಳು. ಚಪ್ಪಲಿಯನ್ನೂ ಹುಡುಕದೆ ಬರಿಗಾಲಲ್ಲಿ ಓಡಿ ಆಟೋ ಹಿಡಿದಳು. ದಾರಿಯುದ್ದಕ್ಕೂ ಸ್ತೋತ್ರವೂ ಬರಲಿಲ್ಲ, ಬೈಗುಳವೂ ಬರಲಿಲ್ಲ. ಆಟೋದವನಿಗೆ ಜಲ್ದಿ ಚಲೋ ಭಾಯಿ ಎನ್ನುವುದಷ್ಟೇ ಪ್ರಾರ್ಥನೆಯಾಯಿತು.

ಮಂಚ ಖಾಲಿಯಿತ್ತು. ಕೃಷ್ಣಾಬಾಯಿಯ ಫೋನು ದಿಂಬಿನ ಮೇಲೆ ಬಿದ್ದಿತ್ತು. ಸುಗಲಮ್ಮ ಮಂಚದ ಕಂಬಿ ಹಿಡಿದುಕೊಂಡಳು.

"ಏ ಸುಗಲಾ!" ಬಾಗಿಲ ಕಡೆಯಿಂದ ಕೃಷ್ಣಾಬಾಯಿ ಓಡೋಡಿ ಬಂದಳು. "ಆಕಿ ಎದ್ದು ಹೋದಳ! ನೀ ಮಾತಾಡಾಕತ್ತಿದ್ದಿ, ಆಕಿ ಕೇಳ್ತಾ ಕೇಳ್ತಾ ಕಾಲು ಕೆಳಗಿಟ್ಟಳು. ನಡ್ಯಾಕ ಬರವಲ್ದು, ನಾನೇ ರಟ್ಟಿ ಹಿಡಿದು ಕೂಸಿನ ವಾರ್ಡಿನ ಬಾಗಲ ತನಕ ಬಿಟ್ಟೆ. ಇಷ್ಟೊತ್ತು ಅಲ್ಲೇ ನಿಂತಿದ್ದೆ."

ಕೂಸುಗಳ ವಾರ್ಡಿನ ಗೋಡೆಯಲ್ಲಿ ಒಂದು ಗಾಜಿನ ಕಿಟಕಿ, ಅದರ ಕೆಳಗೆ ಹಾಲಿನ ಬಟ್ಟಲು ಕೊಡಲು ಒಂದು ಕಿಂಡಿ. ಸುಗಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲಿ ನಿಂತಳು. ಒಳಗೆ ಒರಗು ಕುರ್ಚಿಯಲ್ಲಿ ರೇಣುಕಾ. ಅವಳ ಬರಿಯೆದೆಯ ಮೇಲೆ, ಬಟ್ಟೆಯ ಪಟ್ಟಿಯೊಳಗೆ, ಟೊಪ್ಪಿಗೆ ಹಾಕಿದ ಸಣ್ಣ ತಲೆ. ರೇಣುಕಾ ಕಣ್ಣು ಮುಚ್ಚಿಕೊಂಡಿದ್ದಳು. ಇನ್ನೂ ಮುಖ ನೋಡಿರಲಿಲ್ಲ. ಮೂರು ಗಂಟೆಯ ಮಿಸ್ ಕಾಲ್ ಬಂತು. ಸುಗಲಮ್ಮ ಪ್ರಾರ್ಥಿಸಲು ಹೋಗಲಿಲ್ಲ. ಕೂಸಿನ ಬೆನ್ನು ಏರುವುದನ್ನು ಇಳಿಯುವುದನ್ನು ನೋಡುತ್ತ ನಿಂತಳು.

ಅರ್ಧ ತಾಸು ಕಳೆದಿರಬೇಕು. ಬೆನ್ನು ಇಳಿದದ್ದು ಏರಲಿಲ್ಲ.

ಮಷಿನ್ನು ಕುಂಯ್‌ಗುಟ್ಟಿತು. ಸಿಸ್ಟರು ಆ ಕೊನೆಯಲ್ಲಿ ಬೇರೆ ಕೂಸಿನ ಬಳಿ ಇದ್ದಳು. ರೇಣುಕಾ ಕಣ್ಣು ತೆರೆದು ತಲೆ ಬಗ್ಗಿಸಿ ಮೊದಲ ಸಲ ಮಗಳ ಮುಖ ನೋಡಿದಳು. ತುಟಿ ನೀಲಿಯಾಗುತ್ತಿತ್ತು. ಸುಗಲಮ್ಮ ಗಾಜು ಬಡಿದು, "ಅಂಗಾಲು! ಅಂಗಾಲು ಉಜ್ಜ ಬೇ!" ಎಂದು ಕೂಗಿದಳು. ರೇಣುಕಾ ಆಗಲೇ ಉಜ್ಜುತ್ತಿದ್ದಳು. ಉಜ್ಜುತ್ತ, ಮುಖ ಮೇಲೆತ್ತಿ, ಎರಡು ವರ್ಷದ ಹಿಂದೆ ಬಿಟ್ಟ ದನಿಯಲ್ಲಿ ಅರಚಿದಳು.

"ಏ ದೇವರೇ! ಕೇಳಾಕತ್ತಿಯೇನು? ಒಂದು ತಗೊಂಡಿ, ನಾ ಸುಮ್ಮನಿದ್ದೆ. ಇದನ್ನ ಕೊಡಂಗಿಲ್ಲ! ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ! ಉಸಿರು ಹಾಕು ಇದರಾಗ! ಈಗ ಹಾಕು!"

ಸಿಸ್ಟರು ಓಡಿ ಬಂದು ಕೂಸಿನ ಬೆನ್ನು ತಿಕ್ಕಿ ಕೊರಳು ಸರಿಮಾಡಿದಳು. ಒಂದು ಕ್ಷಣ, ಇನ್ನೊಂದು ಕ್ಷಣ. ಕೂಸು ಬಿಕ್ಕಿತು. ಬೆನ್ನು ಏರಿತು. ಆಮೇಲೆ ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಅಳಲಾರಂಭಿಸಿತು.

ರೇಣುಕಾಳೂ ಅತ್ತಳು. ಸಿಸ್ಟರು, ಅಳಬೇಡಮ್ಮಾ, ಕೂಸಿಗೆ ಆಗುವುದಿಲ್ಲ ಎಂದರೂ ಕೇಳದೆ, ಕೂಸಿನ ಟೊಪ್ಪಿಗೆಯ ಮೇಲೆ ಗದ್ದ ಊರಿ, ಕಣ್ಣೀರು ಹರಿಯುತ್ತಿದ್ದಂತೆ ದೇವರೊಂದಿಗೆ ಜಗಳಕ್ಕೆ ಕೂತಳು. ಹೋದ ಕೂಸಿನ ಹೆಸರು ಹಿಡಿದು ಕೇಳಿದಳು. ಒಂದೊಂದಾಗಿ, ಎರಡು ವರ್ಷದ್ದೆಲ್ಲ ಕೇಳಿದಳು. ಕಿಂಡಿಯಿಂದ ಒಂದೊಂದು ಮಾತೂ ಸುಗಲಮ್ಮನಿಗೆ ಕೇಳುತ್ತಿತ್ತು. ಅಭ್ಯಾಸಬಲದಿಂದ ಆಕೆಯ ನಾಲಿಗೆ ತುದಿಗೆ "ಸ್ತೋತ್ರ" ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು ಅದನ್ನು ಅಲ್ಲೇ ತಡೆದಳು.

ಸಿಸ್ಟರು ಕಿಂಡಿಯ ಬಳಿ ಬಂದು ಹೇಳಿದಳು: ಇವತ್ತಿಗೆ ಉಸಿರು ಬಂತು. ನಾಳೆಯೂ ಹೀಗೇ ಆಗಬಹುದು, ನಾಡಿದ್ದೂ ಆಗಬಹುದು. ಈಗಲೇ ಏನೂ ಹೇಳುವಂತಿಲ್ಲ.

"ಹೂಂ," ಅಂದಳು ಸುಗಲಮ್ಮ.

ಹಿಂದಿನಿಂದ ಯಾರೋ ಭುಜ ತಿವಿದರು. ಕೃಷ್ಣಾಬಾಯಿ. ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ಫೋನು ಹಿಡಿದು, ಮುಖ ಗಂಟಿಕ್ಕಿಕೊಂಡು ನಿಂತಿದ್ದಳು.

"ನಾಲ್ಕೂ ಇಪ್ಪತ್ತಾತು. ನನ್ನ ಮಿಸ್ ಕಾಲ್ ಎಲ್ಲಿ? ಹನ್ನೊಂದು ವರ್ಷದಾಗ ಒಂದು ಸಲ ತಪ್ಪಿಲ್ಲ. ನೀ ಪ್ರಾರ್ಥನಾ ಮಾಡಿದಿಯೋ ಇಲ್ಲೋ?"

ಸುಗಲಮ್ಮ ಗಾಜಿನೊಳಗೆ ನೋಡಿದಳು. ರೇಣುಕಾಳ ತುಟಿಗಳು ಇನ್ನೂ ಅಲುಗಾಡುತ್ತಿದ್ದವು.

"ನನ್ನ ತಾಸು ಆಕಿ ಮಾಡ್ಯಾಳ ಯಕ್ಕಾ," ಎಂದಳು. "ಇನ್ನೂ ಮುಗಿದಿಲ್ಲ ಆಕಿದು. ತುಸು ನಿಲ್ಲು."